ಸಿಂಧನೂರಿನ ಲಿಫ್ಟಿನಲ್ಲಿ ಸಿಕ್ಕ ಬೀಗರು

ಹೋಟೆಲ್ಲಿನಲ್ಲಿ ಎರಡು ದಿನ ಇದ್ದು ಬರುವುದಕ್ಕೆ ವಿಶೇಷ ಪ್ರತಿಭೆಯೇನೂ ಬೇಕಿಲ್ಲ ಎಂದು ನಾನು ನಂಬಿದ್ದೆ. ಹೋಗಬೇಕು, ಮಲಗಬೇಕು, ಎದ್ದು ಬರಬೇಕು. ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿರುವ ನನಗೆ ಇದು ಯಾವ ಲೆಕ್ಕ!

ಈ ವಿಚಾರ ಹುಟ್ಟಿದ್ದು ನನ್ನ ಹೆಂಡತಿ ಗಿರಿಜಾಳಿಂದ. ನಮ್ಮ ಮನೆ ಮಸ್ಕಿಯಲ್ಲಿ, ಬಸ್‌ಸ್ಟ್ಯಾಂಡಿನ ಎದುರಿಗೇ ಇದೆ. ಆಕೆಯ ಇಪ್ಪತ್ತೆರಡು ವರ್ಷದ ಕಷ್ಟವೆಲ್ಲ ಈ ಒಂದು ವಾಕ್ಯದಲ್ಲಿದೆ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವವರು, ಸಿಂಧನೂರಿನಿಂದ ಲಿಂಗಸುಗೂರಿಗೆ ಬರುವವರು, ಮುದಗಲ್ಲಿಗೆ ಹೆಣ್ಣು ನೋಡಲು ಹೊರಟವರು, ನೋಡಿ ಬೇಡವೆಂದು ತಿರುಗಿ ಬಂದವರು, ಎಲ್ಲರ ಬಸ್ಸೂ ಮಸ್ಕಿಯಲ್ಲಿ ನಿಲ್ಲುತ್ತದೆ. ಬಸ್ಸು ನಿಂತರೆ ಬಂಧುಗಳು ಇಳಿಯುತ್ತಾರೆ. ಇಳಿದವರು ರಸ್ತೆ ದಾಟಿ ನಮ್ಮ ಬಾಗಿಲಿಗೆ ಬಂದು, "ಕುಂದ್ರಂಗಿಲ್ಲವಾ, ಇನ್ನೊಂದು ಬಸ್ಸು ಬಂತಂದ್ರ ಹೊಂಟೇಬಿಟ್ಟೆವು. ಸುಮ್ನ ಒಂದು ಗುಟುಕು ಚಾ ಇಡು, ಸಾಕು" ಎನ್ನುತ್ತಾರೆ. ಆ ಇನ್ನೊಂದು ಬಸ್ಸು ಬರುವಷ್ಟರಲ್ಲಿ ಚಹಾ ಹೋಗಿ ಒಗ್ಗರಣೆ ಮಂಡಕ್ಕಿ ಆಗಿ, ಕೆಲವೊಮ್ಮೆ ರೊಟ್ಟಿಯೂ ಆಗಿರುತ್ತದೆ.

ಒಂದು ದಿನ ಸಂಜೆ ಐದನೇ ಸರದಿಯ ಚಹಾದ ಲೋಟಗಳನ್ನು ತೊಳೆದಿಟ್ಟು ಗಿರಿಜಾ ನನ್ನ ಮುಂದೆ ಕುಳಿತಳು. ದನಿ ಏರಿಸಲಿಲ್ಲ. ಆಕೆ ದನಿ ಏರಿಸದಿದ್ದರೆ ನನಗೆ ಹೆಚ್ಚು ಅಂಜಿಕೆ.

"ನನಗ ಸೀರಿ ಬ್ಯಾಡ, ಬಂಗಾರ ಬ್ಯಾಡ. ಎರಡ ದಿನ ಕೊಡ್ರಿ. ಒಲಿ ಹಚ್ಚಂಗಿಲ್ಲ, ಚಾ ಇಡಂಗಿಲ್ಲ, ಯಾರರ ಬಂದ್ರ ಎದ್ದು ನಿಲ್ಲಂಗಿಲ್ಲ. ಎರಡ ದಿನ ಮಲಗಬೇಕು ನಾನು."

ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಾಯಿತು. ಇಷ್ಟು ಸಣ್ಣದನ್ನು ಇಷ್ಟು ವರ್ಷ ಆಕೆ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಆದರೆ ನಾಚಿಕೆಯ ಹಿಂದೆಯೇ ಇನ್ನೊಂದು ಯೋಚನೆ ಓಡಿಬಂತು. ಸಿಂಧನೂರಿನ ನಡುಪೇಟೆಯಲ್ಲಿ ಹೊಸದೊಂದು ಹೋಟೆಲ್ಲು ಎದ್ದಿತ್ತು. ನಾಲ್ಕು ಮಹಡಿ. ಎದುರಿಗೆಲ್ಲ ಗಾಜು. ಅದರೊಳಗೆ ಲಿಫ್ಟು ಇದೆ ಎಂದು ಕೇಳಿದ್ದೆ. ಒಂದು ವರ್ಷದಿಂದ ಬಸ್ಸಿನ ಕಿಟಕಿಯಿಂದ ನೋಡಿ ನೋಡಿ, ಒಳಗೆ ಹೇಗಿರಬಹುದು ಎಂಬ ಕುತೂಹಲ ನನ್ನನ್ನು ಕೊರೆಯುತ್ತಿತ್ತು. ಹೆಂಡತಿಗೆ ವಿಶ್ರಾಂತಿ, ನನಗೆ ಜ್ಞಾನ. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ಲೆಕ್ಕ ಹಾಕಿದೆ.

"ಸಿಂಧನೂರಾಗ ನಿಮ್ಮಕ್ಕ ಅದಾರ" ಎಂದಳು ಗಿರಿಜಾ. "ಊರಾಗ ಒಡಹುಟ್ಟಿದಾಕಿ ಮನಿ ಇಟ್ಕೊಂಡು ಲಾಡ್ಜಿನ್ಯಾಗ ಇಳದ್ರ ಅವರು ಸುಮ್ನ ಬಿಡ್ತಾರೇನು? ಬದಾಮಿಗರ ಹೋಗೂಣು."

"ಬದಾಮಿಗೆ ಹೋಗಿ ಬರೂದ್ರಾಗ ಎರಡು ದಿನ ಬಸ್ಸಿನ್ಯಾಗ ಮುಗೀತಾವ. ಈ ಹೋಟೆಲ್ ಊರ ನಟ್ಟನಡುವ ಐತಿ. ಅಂಥಲ್ಲಿ ಮಂದಿ ಮುಖ ಮಂದಿ ನೋಡಂಗಿಲ್ಲ. ಹೊಲದಾಗ ಅಡಗಿದ್ರ ಹುಡುಕ್ತಾರ, ಸರ್ಕಲ್‌ನ್ಯಾಗ ಅಡಗಿದ್ರ ಯಾರು ಹುಡುಕ್ತಾರ?"

ಈ ತರ್ಕಕ್ಕೆ ನಾನೇ ತಲೆದೂಗಿದೆ. ಗಿರಿಜಾ ಒಂದು ಷರತ್ತು ಹಾಕಿದಳು.

"ಆತು. ಆದ್ರ ಅಲ್ಲಿ ಯಾರಿಗೂ 'ಯಾವೂರು, ಯಾರ ಪೈಕಿ' ಅಂತ ಕೇಳಬಾರದು. ಮಾತು ಕೊಡ್ರಿ."

ಕೊಟ್ಟೆ. ಇದು ಸಣ್ಣ ಷರತ್ತಲ್ಲ. ನಮ್ಮ ಕಡೆ ಯಾರಾದರೂ ಎದುರು ಸಿಕ್ಕರೆ ಮೊದಲು ಊರು ಕೇಳುತ್ತೇವೆ, ಆಮೇಲೆ ಯಾರ ಪೈಕಿ ಎಂದು ಕೇಳುತ್ತೇವೆ, ಹೆಸರು ಕೇಳುವುದು ಕೊನೆಗೆ, ನೆನಪಾದರೆ. ನನಗೆ ಈ ಚಟ ಸ್ವಲ್ಪ ಹೆಚ್ಚು. ಕಂಡಕ್ಟರ್ ಚಿಲ್ಲರೆ ಕೊಡುವಷ್ಟರಲ್ಲಿ ಅವನ ಸೋದರಮಾವನ ಊರು ತಿಳಿದುಕೊಂಡಿರುತ್ತೇನೆ. ಬೀಗತನ ಹತ್ತದ ಮನುಷ್ಯ ಈ ಜಿಲ್ಲೆಯಲ್ಲಿ ಇನ್ನೂ ನನಗೆ ಸಿಕ್ಕಿಲ್ಲ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಮಸ್ಕಿಗೆ ಬಂದೆ. ಮಗ್ಗುಲ ಮನೆಯ ಶಂಕ್ರಮ್ಮನಿಗೆ, "ರಾಯಚೂರಿಗೆ ಹೊಂಟೀವಿ. ನನಗ ಕಣ್ಣು ತೋರಿಸಬೇಕಾಗೈತಿ" ಎಂದು ಹೇಳಿ ಬೀಗ ಹಾಕಿದೆವು. ಯಾವ ಕಣ್ಣು ಎಂದು ಆಕೆ ಕೇಳಿದಳು. ನಾನು ಎಡಗಣ್ಣು ಎಂದೆ, ಗಿರಿಜಾ ಅದೇ ಹೊತ್ತಿಗೆ ಬಲಗಣ್ಣು ಎಂದಳು. ಶಂಕ್ರಮ್ಮ ಕನಿಕರದಿಂದ ನನ್ನನ್ನು ನೋಡಿದಳು.

ಹೋಟೆಲ್ಲಿನ ಮುಂಬಾಗಿಲು ತಾನೇ ತೆರೆದುಕೊಂಡಿತು. ಅದು ಹೇಗೆ ಎಂದು ನೋಡಲು ನಾನು ಒಳಗೆ ಹೋಗಿ ಹೊರಗೆ ಬಂದು ಮತ್ತೆ ಒಳಗೆ ಹೋದೆ. ಗಿರಿಜಾ ನನ್ನ ಪರಿಚಯವೇ ಇಲ್ಲದವಳಂತೆ ಮುಂದೆ ನಡೆದಳು. ನಮಗೆ ಸಿಕ್ಕಿದ್ದು ಮುನ್ನೂರಾ ಎರಡನೇ ನಂಬರಿನ ಡೀಲಕ್ಸ್ ರೂಮು. ಮೊಬೈಲಿನಲ್ಲಿ ನೋಡಿದ ಫೋಟೋದಲ್ಲಿ ಅದಕ್ಕೆ ಗೋಡೆಯಗಲದ ಕಿಟಕಿ ಇತ್ತು, ಕಿಟಕಿಯಲ್ಲಿ ಇಡೀ ಸಿಂಧನೂರು ಇತ್ತು. ಇಲ್ಲಿಯೂ ಗೋಡೆಯಗಲದ ಪರದೆ ಇತ್ತು. ಸರಿಸಿದೆ. ಹಿಂದೆ ಮೊಳದುದ್ದದ ಕಿಟಕಿ. ಕಿಟಕಿಯಾಚೆ ಗೇಣು ದೂರದಲ್ಲಿ ಪಕ್ಕದ ಕಟ್ಟಡದ ಬೋಳು ಗೋಡೆ. ಅದರಿಂದ ಹೊರಬಂದ ಒಂದು ತಗಡಿನ ಕೊಳವೆಯಿಂದ ಮಿರ್ಚಿ ಕರಿಯುವ ಘಾಟು ನೇರ ನಮ್ಮ ಡೀಲಕ್ಸ್ ರೂಮಿಗೆ ಬರುತ್ತಿತ್ತು. ಎ.ಸಿ. ಇತ್ತು, ಅದರ ರಿಮೋಟು ಮ್ಯಾನೇಜರ ಕಿಸೆಯಲ್ಲಿತ್ತು. ಟಿ.ವಿ. ಇತ್ತು, ಅದರಲ್ಲಿ ಹೋಟೆಲ್ಲಿನ ಜಾಹೀರಾತು ಮಾತ್ರ ಬರುತ್ತಿತ್ತು. ಜಾಹೀರಾತಿನಲ್ಲಿ ಆ ಕಿಟಕಿ ಇತ್ತು!

ನನ್ನ ಮುಖ ಬಾಡಿತು. ಗಿರಿಜಾ ಮಾತ್ರ ಚಪ್ಪಲಿ ಬಿಟ್ಟು ಹಾಸಿಗೆಯ ಮೇಲೆ ಕಾಲು ಚಾಚಿದಳು.

"ಗ್ವಾಡಿ ಚಲೋ ಐತಿ ಬಿಡ್ರಿ" ಎಂದಳು. "ಗ್ವಾಡಿ ಚಾ ಕೇಳಂಗಿಲ್ಲ."

ಕಣ್ಣು ಮುಚ್ಚಿದಳು. ಆ ಕ್ಷಣದಲ್ಲಿ ನಾನೂ ಪಕ್ಕದಲ್ಲಿ ಮಲಗಿ ಕಣ್ಣು ಮುಚ್ಚಿಬಿಟ್ಟಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಸಣ್ಣ ಪೆಟ್ಟಿಗೆ ಇತ್ತು. ರೂಮಿನ ಬೀಗದ ಕಾರ್ಡನ್ನು ಅದರಲ್ಲಿ ಸಿಗಿಸಿದರೆ ಮಾತ್ರ ಕರೆಂಟು ಬರುತ್ತದೆ, ತೆಗೆದರೆ ಹೋಗುತ್ತದೆ. ಇದು ಆ ಕಾರ್ಡನ್ನೇ ಗುರುತಿಸುತ್ತದೆಯೋ ಅಥವಾ ಯಾವ ಕಾರ್ಡಾದರೂ ನಡೆಯುತ್ತದೆಯೋ ಎಂಬ ವೈಜ್ಞಾನಿಕ ಪ್ರಶ್ನೆ ನನ್ನಲ್ಲಿ ಎದ್ದಿತು. ಕಾರ್ಡು ತೆಗೆದೆ. ಕತ್ತಲಾಯಿತು. "ಏನದು?" ಎಂದಳು ಗಿರಿಜಾ. ಬಸ್ ಪಾಸ್ ಸಿಗಿಸಿದೆ. ಬೆಳಕಾಯಿತು! ಶಾಲೆಯ ಗುರುತಿನ ಚೀಟಿ ಸಿಗಿಸಿದೆ. ಆಗಲೂ ಬೆಳಕು! ಆಕೆಯ ಕುಬಸದ ಅಳತೆ ಬರೆದಿಟ್ಟಿದ್ದ ರಟ್ಟಿನ ತುಂಡೂ ನಡೆಯಿತು. ಅಷ್ಟರಲ್ಲಿ ದೀಪ ಏಳೆಂಟು ಸಲ ಹೋಗಿ ಬಂದಿತ್ತು. ಗಿರಿಜಾ ಎದ್ದು ಕುಳಿತಿದ್ದಳು.

"ಈ ವಿಷಯ ಕೆಳಗ ಹೇಳಿ ಬರ್ತೀನಿ" ಎಂದೆ. "ಇವರಿಗೆ ಗೊತ್ತಿಲ್ಲ ಅಂತ ಕಾಣ್ತೈತಿ."

"ಅವರಿಗೆ ಗೊತ್ತಿರ್ತೈತ್ರಿ. ಸುಮ್ನ ಮಲಗ್ರಿ."

"ಐದು ನಿಮಿಷ. ರಿಮೋಟೂ ಇಸ್ಕೊಂಡು ಬರ್ತೀನಿ."

ಹೀಗೆ ನಾನು ಲಿಫ್ಟು ಹತ್ತಿದೆ. ಒಳಗೆ ಒಬ್ಬರು ನಿಂತಿದ್ದರು. ಬಿಳಿ ಧೋತರ, ಬಿಳಿ ಅಂಗಿ, ಹೆಗಲ ಮೇಲೆ ಟವೆಲು, ಸುಮಾರು ನನ್ನದೇ ವಯಸ್ಸು. ಕೆಳಗಿನ ಹಾಲ್‌ನಲ್ಲಿ ಯಾರದೋ ನಿಶ್ಚಿತಾರ್ಥ ನಡೆದಿತ್ತು, ಅದಕ್ಕೆ ಬಂದವರಿರಬೇಕು. ನಾನು ಅವರ ಕಡೆ ನೋಡಲಿಲ್ಲ. ಮೇಲಿನ ಕೆಂಪು ಅಂಕಿಯನ್ನು ನೋಡಿದೆ. ತುಟಿ ಕಚ್ಚಿ ಹಿಡಿದೆ. ಮೂರರಿಂದ ಎರಡರವರೆಗೆ ತಡೆದುಕೊಂಡೆ. ಅದೂ ಕಡಿಮೆ ಸಾಧನೆಯಲ್ಲ.

"ಯಾವೂರ್ರಿ?" ಎಂದೆ.

"ಜವಳಗೇರಾ."

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಜವಳಗೇರಾ ನಮಗೆ ಹೊರಗಿನ ಊರಲ್ಲ.

"ಜವಳಗೇರಾದಾಗ ಯಾರ ಪೈಕಿ?"

ಅವರ ಮುಖ ಅರಳಿತು. ಅವರೂ ಅಲ್ಲಿಯವರೆಗೆ ತುಟಿ ಕಚ್ಚಿಕೊಂಡೇ ನಿಂತಿದ್ದರೆಂದು ತೋರುತ್ತದೆ. ಹೇಳತೊಡಗಿದರು. ಲಿಫ್ಟು ಕೆಳಗೆ ಬಂದು ಬಾಗಿಲು ತೆರೆಯಿತು. ನಾವು ಇಳಿಯಲಿಲ್ಲ. ಯಾರೋ ಒಳಗೆ ಬಂದು ನಾಲ್ಕು ಒತ್ತಿದರು. ನಾವೂ ಅವರ ಜೊತೆ ನಾಲ್ಕಕ್ಕೆ ಹೋದೆವು. ಹೋಗುವಾಗ ಅವರ ತಾಯಿಯ ತವರು ದಢೇಸುಗೂರು ಎಂದು ಗೊತ್ತಾಯಿತು, ಇಳಿಯುವಾಗ ನನ್ನ ಅಜ್ಜಿಯ ತಂಗಿಯನ್ನು ಅಲ್ಲಿಗೇ ಕೊಟ್ಟದ್ದು ನೆನಪಾಯಿತು. ಎರಡನೇ ಸಲ ಮೇಲೆ ಹೋಗುವಾಗ ಬೀಗತನ ಕೈಗೆ ಹತ್ತಿಬಿಟ್ಟಿತು. ಅವರ ಹೆಂಡತಿಯ ಅಣ್ಣನ ಮಗಳೇ ನಮ್ಮಕ್ಕನ ಮೈದುನನ ಹೆಂಡತಿ!

"ಅಂದ್ರ ನೀವು ನೀಲಮ್ಮಾರ ತಮ್ಮ, ಮಸ್ಕಿ ಮಾಸ್ತರು" ಎಂದು ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ನನ್ನ ಬರಿಗಾಲು ನೋಡಿದರು. ಚಪ್ಪಲಿಯಿಲ್ಲದೆ, ಬನಿಯನ್ ಮೇಲೆ ಟವೆಲು ಹೊದ್ದು ಲಿಫ್ಟಿನಲ್ಲಿ ಇರುವವನು ನಿಶ್ಚಿತಾರ್ಥಕ್ಕೆ ಬಂದವನಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ. "ಇಲ್ಲೇ ಇಳದೀರೇನ್ರಿ? ಅಕ್ಕಾರ ಮನಿ ಇಲ್ಲೇ ಹಿಂದಿನ ಓಣ್ಯಾಗ ಐತೆಲ್ಲ?"

"ಅಂದ್ರ... ಸುಮ್ನ... ಯಾರಿಗೂ ಹೇಳಬ್ಯಾಡ್ರಿ."

"ಛೇ ಛೇ, ನಾ ಯಾಕ ಹೇಳಲಿ" ಎನ್ನುತ್ತ ಅವರು ಮೊಬೈಲು ತೆಗೆದರು. ಲಿಫ್ಟಿನೊಳಗೆ ಸಿಗ್ನಲ್ ಇರಲಿಲ್ಲ. ಬಾಗಿಲು ತೆರೆದೊಡನೆ ಬಂತು.

ನಾನು ರೂಮಿಗೆ ಬಂದು ಏನೂ ಆಗಿಲ್ಲವೆಂಬಂತೆ ಮಲಗಿದೆ. "ರಿಮೋಟ್ ಎಲ್ಲೈತಿ?" ಎಂದಳು ಗಿರಿಜಾ ಅರೆನಿದ್ದೆಯಲ್ಲಿ. "ಕೊಡ್ತಾರಂತ" ಎಂದೆ.

ಮುಕ್ಕಾಲು ಗಂಟೆಯಲ್ಲಿ ಯಾರೋ ಬಾಗಿಲು ಬಡಿದರು. ರಿಮೋಟಲ್ಲ. ಅಕ್ಕ ನೀಲಮ್ಮ, ಅಕ್ಕನ ಗಂಡ ಅಮರಪ್ಪ ಮಾಮಾ, ಇನ್ನಿಬ್ಬರು ಓಣಿಯ ಹಿರಿಯರು. ಅಕ್ಕನ ಕಣ್ಣಲ್ಲಿ ನೀರು. ಏಕೆಂದರೆ ಈ ನಡುವೆ ಆಕೆ ಮಸ್ಕಿಯ ಶಂಕ್ರಮ್ಮನಿಗೆ ಫೋನು ಮಾಡಿದ್ದಳು. ಶಂಕ್ರಮ್ಮ ಕಣ್ಣಿನ ವಿಷಯ ಹೇಳಿದ್ದಳು. ಎರಡನ್ನೂ ಕೂಡಿಸಿದಾಗ ಅಕ್ಕನಿಗೆ ಸಿಕ್ಕ ಉತ್ತರವೆಂದರೆ, ನನ್ನ ಎರಡೂ ಕಣ್ಣು ಹೋಗಿವೆ, ರಾಯಚೂರಿನ ಡಾಕ್ಟರು ಕೈಬಿಟ್ಟಿದ್ದಾರೆ, ಅಕ್ಕನಿಗೆ ಭಾರವಾಗಬಾರದೆಂದು ಲಾಡ್ಜಿನಲ್ಲಿ ಅಡಗಿ ಕುಳಿತಿದ್ದೇನೆ.

ಆಕೆ ನನ್ನ ಮುಖದ ಮುಂದೆ ಬೆರಳು ಹಿಡಿದಳು. "ಎಷ್ಟದಾವ ಹೇಳು."

"ಮೂರು."

"ಈಗ?"

"ಎರಡು. ಅಕ್ಕಾ, ನನ್ನ ಕಣ್ಣು ನೆಟ್ಟಗದಾವ."

ಬೆರಳು ಕೆಳಗಿಳಿಯಿತು. ಕಣ್ಣೀರು ನಿಂತಿತು. ಅದರ ಜಾಗದಲ್ಲಿ ಬಂದದ್ದು ಹೆಚ್ಚು ಅಪಾಯದ್ದು.

"ಹಂಗಾರ ನನ್ನ ಮನಿಗೆ ಏನಾಗಿತ್ತಪ್ಪಾ? ಅತ್ತೀಮನಿ ಮಂದಿ ಮುಂದ ನಾ ಹೆಂಗ ತಲಿ ಎತ್ತಲಿ? ಒಡಹುಟ್ಟಿದ ತಮ್ಮ ಅಕ್ಕನ ಮನಿ ಬಾಗಿಲಾ ದಾಟಿ ಹೋಗಿ ಬಾಡಿಗಿ ಹಾಸಿಗ್ಯಾಗ ಮಲಗ್ಯಾನಂದ್ರ, ನಾ ಅವಂಗ ಅನ್ನ ಹಾಕಂಗಿಲ್ಲ ಅಂತ ತಿಳಕೊಳ್ಳಂಗಿಲ್ಲೇನು ಊರು?"

ಇಲ್ಲಿ ನಿಜ ಹೇಳಬೇಕಿತ್ತು. ಗಿರಿಜಾ ಎರಡು ದಿನ ಮಲಗಬೇಕಾಗಿತ್ತು ಎಂದರೆ ಮುಗಿಯುತ್ತಿತ್ತು. ಆದರೆ ಓಣಿಯ ಹಿರಿಯರ ಮುಂದೆ ಹೆಂಡತಿಯ ನಿದ್ದೆಯ ಮಾತು ಆಡುವುದು ಹೇಗೆ ಎಂದು ಸಂಕೋಚಪಟ್ಟೆ. ಸಂಕೋಚದಲ್ಲಿ ಮನುಷ್ಯ ಸುಳ್ಳು ಹೇಳುತ್ತಾನೆ, ಅವಸರದಲ್ಲಿ ಕೆಟ್ಟ ಸುಳ್ಳು ಹೇಳುತ್ತಾನೆ. ನನಗೆ ಎರಡೂ ಇತ್ತು.

"ಇದು ನಾ ರೊಕ್ಕ ಕೊಟ್ಟಿದ್ದಲ್ಲಕ್ಕಾ. ಬಹುಮಾನ ಬಂದೈತಿ. ವಿಜ್ಞಾನ ಮಾಸ್ತರಗಳ ಸ್ಪರ್ಧಾ ಇತ್ತು. ಎರಡು ದಿನ ಪುಕ್ಕಟೆ. ಇರಲಿಲ್ಲಂದ್ರ ವಾಪಸ್ ಹೋಗ್ತೈತಿ."

ಗಿರಿಜಾ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಅಕ್ಕನ ಮುಖ ಮಾತ್ರ ಆ ಕ್ಷಣವೇ ಬದಲಾಯಿತು. ಅವಮಾನ ಹೋಗಿ ಅಭಿಮಾನ ಬಂತು. ಅಮರಪ್ಪ ಮಾಮಾ ಕೋಟೆ ಗೆದ್ದವರಂತೆ ರೂಮಿನ ನಡುವೆ ನಿಂತು ಸುತ್ತ ನೋಡಿದರು.

"ಪುಕ್ಕಟೆ? ಹಂಗಾರ ಎಲ್ಲಾರೂ ನೋಡ್ಲಿ. ನಮ್ಮ ಮಾಸ್ತರ್‌ಗೆ ಸರ್ಕಾರ ಮರ್ಯಾದಿ ಮಾಡೈತಿ ಅಂತ ಗೊತ್ತಾಗಬೇಕು ಮಂದಿಗೆ."

ನಾನು ಸರ್ಕಾರ ಎಂದಿರಲಿಲ್ಲ. ಅದು ಅವರ ಕೊಡುಗೆ.

ಆರು ಗಂಟೆಯೊಳಗೆ ರೂಮಿನಲ್ಲಿ ಹದಿನಾಲ್ಕು ಜನರಿದ್ದರು. ಲಿಫ್ಟಿನ ಬೀಗರು ನಿಶ್ಚಿತಾರ್ಥದ ಪೇಡೆ ಹಿಡಿದು ಸಂಸಾರ ಸಮೇತ ಬಂದಿದ್ದರು. ಬಂದವರು ಹಾಸಿಗೆಯನ್ನು ಒತ್ತಿ ನೋಡಿದರು, ಪರದೆ ಸರಿಸಿ ಗೋಡೆ ನೋಡಿದರು, "ಮಿರ್ಚಿ ವಾಸನಿ ಭಾಳ ಚಲೋ ಬರ್ತೈತಿ" ಎಂದು ಹೊಗಳಿದರು. ಮೂವರು ಬಿಸಿನೀರು ಬಂದದ್ದೇ ಸಾಕೆಂದು ಸ್ನಾನ ಮಾಡಿದರು. ಬಾಗಿಲ ಬಳಿಯ ಪೆಟ್ಟಿಗೆ ಏನು ಎಂದು ಯಾರೋ ಕೇಳಿದರು. ನಾಚಿಕೆಗೇಡಿಯಾದ ನಾನು ಬಸ್ ಪಾಸಿನ ಪ್ರಯೋಗವನ್ನು ಮಾಡಿ ತೋರಿಸಿದೆ. ಚಪ್ಪಾಳೆ ಬಿತ್ತು.

ಆಗ ಅಕ್ಕ ಟೇಬಲ್ಲಿನ ಮೇಲಿದ್ದ ಕರೆಂಟಿನ ಕೆಟಲ್ಲು ಕಂಡಳು.

"ಚಾ ಮಾಡೂದು ಇಲ್ಲೇ ಐತೆಲ್ಲ! ಗಿರಿಜವ್ವಾ, ಬಂದೋರಿಗೆ ಒಂದು ಗುಟುಕು ಇಡವಾ."

ರೂಮು ತುಂಬ ಜನ. ಗಿರಿಜಾ ಎದ್ದಳು. ಸೆರಗು ಸಿಗಿಸಿದಳು. ಆ ಕೆಟಲ್ಲಿನಲ್ಲಿ ಎರಡು ಕಪ್ಪು ಚಹಾ ಆಗುತ್ತದೆ, ಜನ ಹದಿನಾಲ್ಕು. ಹೋಟೆಲ್ಲಿನವರು ಇಟ್ಟಿದ್ದ ಹಾಲಿನ ಪುಡಿ ಮೊದಲನೇ ಸರದಿಗೆ ಮುಗಿಯಿತು. ನನ್ನನ್ನು ಸರ್ಕಲ್ಲಿಗೆ ಓಡಿಸಿದರು. ಹಾಲು, ಸಕ್ಕರೆ, ಚಹಾಪುಡಿ, ಅಕ್ಕನ ಮನೆಯಿಂದ ಲೋಟ, ಸೋಸುವ ಜರಡಿ, ಎಲ್ಲವೂ ಗಾಜಿನ ಬಾಗಿಲು ದಾಟಿ ಲಿಫ್ಟು ಹತ್ತಿ ಮೇಲೆ ಬಂದವು. ಮೊದಲು ಕುಡಿದವರಿಗೆ ನಾಲ್ಕನೇ ಸರದಿಯ ಹೊತ್ತಿಗೆ ಮತ್ತೆ ಆಸೆಯಾಯಿತು. ನೀರಿನ ಬದಲು ನೇರ ಹಾಲೇ ಹಾಕಿದರೆ ಬೇಗ ಆಗುತ್ತದೆಯೋ ಹೇಗೆ ಎಂಬ ಇನ್ನೊಂದು ವೈಜ್ಞಾನಿಕ ಪ್ರಶ್ನೆ ನನಗೆ ಬಂತು. ಗಿರಿಜಾ ಬೇಡವೆಂದಳು. ನಾನು ಹಾಕಿದೆ.

ಹಾಲು ಉಕ್ಕಿ ಪ್ಲಗ್ಗಿಗೆ ಇಳಿಯಿತು. ಢಬ್ ಎಂದಿತು. ಮೂರನೇ ಮಹಡಿ ಪೂರ್ತಿ ಕತ್ತಲು!

ಮ್ಯಾನೇಜರು ಟಾರ್ಚು ಹಿಡಿದು ಓಡಿಬಂದರು. ಬಾಗಿಲಲ್ಲಿ ನಿಂತು ಎಣಿಸಿದರು. ಎಣಿಸುತ್ತ ಅವರ ದನಿ ಏರಿತು. "ಇಬ್ಬರಿಗೆ ಕೊಟ್ಟ ರೂಮಿದು. ಇದೇನ್ರಿ, ಸಂತಿ ಹಚ್ಚೀರಿ? ಎಲ್ಲಾರೂ ಕೆಳಗಿಳೀರಿ ಮೊದಲ."

ಅಮರಪ್ಪ ಮಾಮಾ ಪೇಡೆಯ ಡಬ್ಬಿ ಮುಂದೆ ಹಿಡಿದು ಶಾಂತವಾಗಿ ಕೇಳಿದರು, "ಸಾಹೇಬ್ರ, ತಾವು ಯಾವೂರು?"

ಮ್ಯಾನೇಜರು ದಢೇಸುಗೂರಿನವರು. ಹತ್ತು ನಿಮಿಷದಲ್ಲಿ ಅವರೂ ಹಾಸಿಗೆಯ ತುದಿಯಲ್ಲಿ ಕುಳಿತಿದ್ದರು, ಲಿಫ್ಟಿನ ಬೀಗರ ತಾಯಿಯ ಕಡೆಯಿಂದ ಅಣ್ಣನಾಗಿದ್ದರು. ಕರೆಂಟು ಬಂತು. ಬೇರೆ ರೂಮಿನ ಕೆಟಲ್ಲೂ ಬಂತು. ಅವರು ಗಿರಿಜಾಳ ಕಡೆ ತಿರುಗಿ, "ನನಗೂ ಒಂದು ಗುಟುಕು ಇರಲವಾ. ಸಕ್ಕರಿ ಕಡಿಮಿ" ಎಂದರು.

ಗಿರಿಜಾ ಕೆಟಲ್ಲನ್ನು ಮೆಲ್ಲಗೆ ಕೆಳಗಿಟ್ಟಳು. ಸಿಗಿಸಿದ ಸೆರಗು ಬಿಚ್ಚಿದಳು. ಮೂಲೆಯಲ್ಲಿದ್ದ ತನ್ನ ಚೀಲ ಎತ್ತಿಕೊಂಡಳು.

"ಅಕ್ಕಾರ, ನಾ ನಿಮ್ಮ ಮನಿಗೆ ಬರ್ತೀನಿ."

ಅಕ್ಕನ ಮುಖ ಹಬ್ಬದಂತಾಯಿತು. "ಬಾರವಾ, ನಿನ್ನ ಮನೀನ ಅದು. ನೀ ಒಂದು ಕಡ್ಡಿ ಎತ್ತಿಡಬ್ಯಾಡ, ನಾ ಅದೀನಿ" ಎಂದು ಅವಳ ಕೈ ಹಿಡಿದಳು. ನಾನೂ ಚೀಲಕ್ಕೆ ಕೈ ಹಾಕಿದೆ.

"ನೀವೆಲ್ಲಿ ಬರ್ತೀರಿ ಮಾಸ್ತರ?" ಎಂದು ಮಾಮಾ ತಡೆದರು. "ಬಹುಮಾನ ಬಿಟ್ಟು ಬರ್ತಾರೇನು? ಸರ್ಕಾರಕ್ಕ ಅಪಮಾನ."

ಮ್ಯಾನೇಜರು ಬಹುಮಾನವೇ ಎಂದು ನನ್ನ ಕಡೆ ನೋಡಿದರು. ಬೀಗತನದ ಮರ್ಯಾದೆಗೆ ಸುಮ್ಮನಾದರು. ಗಿರಿಜಾ ತಿರುಗಿ ನೋಡದೆ ಹೋದಳು.

ರವಿವಾರ ಬೆಳಿಗ್ಗೆ ಏಳಕ್ಕೇ ಬಾಗಿಲು ಬಡಿಯಿತು. ಶನಿವಾರ ನೋಡಲು ಆಗದಿದ್ದವರು. ಎಂಟಕ್ಕೆ ಇನ್ನೊಂದು ತಂಡ, ಒಂಬತ್ತಕ್ಕೆ ಟ್ರ್ಯಾಕ್ಟರಿನಲ್ಲಿ ಜವಳಗೇರಾದವರು. "ಕುಂದ್ರಂಗಿಲ್ರಿ ಮಾಸ್ತರ, ನೋಡಿ ಹೋಗ್ತೀವಿ. ಸುಮ್ನ ಒಂದು ಗುಟುಕು ಚಾ ಸಾಕು" ಎಂದರು. ಮಾಡಿದೆ. ಎರಡೆರಡು ಕಪ್ಪು. ಸೋಸಿದೆ, ಲೋಟ ತೊಳೆದೆ, ಬಚ್ಚಲ ತೊಟ್ಟಿಯಲ್ಲಿ ಬಗ್ಗಿ ಜರಡಿ ತಿಕ್ಕಿದೆ. ಹತ್ತೂವರೆಯ ಹೊತ್ತಿಗೆ ಸೊಂಟ ಹಿಡಿಯಿತು. ಇನ್ನೂ ಕುಳಿತೇ ಇದ್ದ ಒಬ್ಬರು, "ಚಾ ಸ್ವಲ್ಪ ನೀರಾತು" ಎಂದರು. ನನಗೆ ಅಳು ಬಂತು. ಮೂರೂವರೆ ತಾಸಿಗೆ ಹೀಗೆ. ಗಿರಿಜಾಳದು ಇಪ್ಪತ್ತೆರಡು ವರ್ಷ. ಇದನ್ನು ತಿಳಿದುಕೊಳ್ಳಲು ನಾನು ಇಷ್ಟು ದುಬಾರಿ ರೂಮು ಹಿಡಿಯಬೇಕಾಗಿತ್ತು.

ಮಧ್ಯಾಹ್ನ ಎಲ್ಲರನ್ನೂ ಸಾಗಹಾಕಿ, ಕಾರ್ಡು ಕಿಸೆಗಿಟ್ಟುಕೊಂಡು, ಅಕ್ಕನ ಮನೆಗೆ ಹೋದೆ. ದಾರಿಯಲ್ಲಿ ಮಾತು ಹೊಂದಿಸಿಕೊಂಡೆ. ತಪ್ಪಾಯಿತು, ಎರಡು ದಿನ ಕೊಡುತ್ತೇನೆಂದು ಹೇಳಿ ಎರಡು ತಾಸೂ ಕೊಡಲಿಲ್ಲ, ಮನೆಗೆ ನಡೆ, ಇನ್ನು ಮೇಲೆ ಬಂದವರಿಗೆ ಚಹಾ ನಾನೇ ಇಡುತ್ತೇನೆ. ಮಾತು ಚೆನ್ನಾಗಿಯೇ ಹೊಂದಿಕೊಂಡಿತ್ತು.

ಅಕ್ಕ ಬಾಗಿಲಲ್ಲಿ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದಳು. ಒಳಗೆ ಫ್ಯಾನಿನ ಕೆಳಗೆ, ಚಾಪೆಯ ಮೇಲೆ, ಗಿರಿಜಾ ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಸಣ್ಣಗೆ ಗೊರಕೆ. ಹಗಲು ಹೊತ್ತು ಆಕೆ ಹೀಗೆ ಗಾಢವಾಗಿ ಮಲಗಿದ್ದನ್ನು ನಾನು ಮದುವೆಯಾದಂದಿನಿಂದ ನೋಡಿರಲಿಲ್ಲ.

"ನಿನ್ನಿ ರಾತ್ರಿ ಮಲಗಿದಾಕಿ ಮುಂಜಾನಿ ಎದ್ದು ಉಂಡು ಮತ್ತ ಮಲಗ್ಯಾಳ" ಎಂದು ಅಕ್ಕ ಪಿಸುಗುಟ್ಟಿದಳು. "ಏನು ಮಾಡಿಸ್ತಿಯೋ ಆಕೀ ಕೈಲೆ?"

ನಾನು ಚಾಪೆಯ ಅಂಚಿನಲ್ಲಿ ಕುಳಿತೆ. ಎಷ್ಟು ಮೆಲ್ಲಗೆ ಕುಳಿತರೂ ಆಕೆಗೆ ಗೊತ್ತಾಯಿತು. ಕಣ್ಣು ಅರ್ಧ ತೆರೆದಳು.

"ಬಂದ್ರಾ?"

"ಬಂದೆ. ಗಿರಿಜಾ, ನಾ ಏನು ಹೇಳಬೇಕಂತ ಬಂದೀನಂದ್ರ..."

"ರೂಮು ಇನ್ನೂ ಐತೇನ್ರಿ?"

"ಸಂಜಿ ತನಕ ಐತಿ."

"ಹಂಗಾರ ನೀವು ಹೋಗಿ ಇರ್ರಿ ಅಲ್ಲೇ" ಎಂದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ನೀವಿಲ್ಲಂದ್ರ ಯಾರೂ ಬರಂಗಿಲ್ಲ."

ಗೋಡೆಯ ಕಡೆ ಮಗ್ಗುಲಾಗಿ ಮತ್ತೆ ನಿದ್ದೆ ಹೋದಳು. ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಸಪ್ಪಳವಾಗದಂತೆ ಬಾಗಿಲು ಎಳೆದು, ಓಣಿಗೆ ಇಳಿದೆ.